ಲೋಹದ ಬೆಳಕೇ ಲೋಹದ ಸಾಕ್ಷಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೆ ಸಾಮೂಹಿಕ ಲೋಹ ಪರೀಕ್ಷಾ ಕೇಂದ್ರದ ಅಗತ್ಯ

ವ್ಯಾಪಾರದಲ್ಲಿ ನಂಬಿಕೆಯೇ ಮೊದಲ ಬಂಡವಾಳ ಎಂಬುದು ಹಿರಿಯರ ಮಾತು. ಆದರೆ ನಂಬಿಕೆ ನಿಲ್ಲುವುದಕ್ಕೂ ಒಂದು ಆಧಾರ ಬೇಕು. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ಹಚ್ಚದೆ ಬೆಲೆ ಹೇಳುವುದಿಲ್ಲ. ಎದುರಿಗೆ ಕುಳಿತ ಗಿರಾಕಿಯೂ ಅದನ್ನು ಅವಮಾನವೆಂದು ಎಣಿಸುವುದಿಲ್ಲ. ಚಿನ್ನಕ್ಕೆ ಸಲ್ಲುವ ಈ ಮರ್ಯಾದೆ ಉಕ್ಕಿಗೆ, ಹಿತ್ತಾಳೆಗೆ, ಸ್ಟೇನ್‌ಲೆಸ್ ಸ್ಟೀಲಿಗೆ ಇನ್ನೂ ಸಂದಿಲ್ಲ. ಸಣ್ಣ ಕಾರ್ಖಾನೆಗಳಲ್ಲಿ ಇಂದಿಗೂ ಲೋಹದ ಜಾತಿಯನ್ನು ನಿರ್ಧರಿಸುವುದು ಮಾರಿದವನ ಮಾತು, ಸಲಾಕೆಯ ತುದಿಗೆ ಬಳಿದ ಬಣ್ಣ, ಒಂದು ಅಯಸ್ಕಾಂತದ ತುಂಡು, ಇಲ್ಲವೆ ಗ್ರೈಂಡಿಂಗ್ ಚಕ್ರದಿಂದ ಹಾರುವ ಕಿಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಬಲ್ಲ ವರ್ತಕ ಸಮುದಾಯವು ಹೊಳೆಯುವುದೆಲ್ಲ ಒಂದೇ ದರ್ಜೆಯ ಉಕ್ಕಲ್ಲ ಎಂಬುದನ್ನು ಮಾತ್ರ ಕೈ ಸುಟ್ಟುಕೊಂಡ ಮೇಲೆಯೇ ಅರಿಯುತ್ತಿದೆ.

‘ಈ ಲೋಹದಲ್ಲಿ ಏನಿದೆ, ಎಷ್ಟಿದೆ?’ ಎಂಬ ಇದೇ ಪ್ರಶ್ನೆಯನ್ನು ಇಂದು ಜಗತ್ತಿನ ಅತಿ ದೊಡ್ಡ ವೈಜ್ಞಾನಿಕ ಯೋಜನೆಗಳಲ್ಲೊಂದು ಎದುರಿಸುತ್ತಿದೆ. ಸೂರ್ಯನ ಒಡಲಲ್ಲಿ ನಡೆಯುವ ಬೈಜಿಕ ಸಮ್ಮಿಲನವನ್ನು ಭೂಮಿಯ ಮೇಲೆ ಸಾಧಿಸಿ ಶಕ್ತಿಯನ್ನು ಪಡೆಯಬೇಕೆಂಬ ಆ ಪ್ರಯತ್ನದ ಯಶಸ್ಸು, ಒಂದು ಭಾರ ಲೋಹವು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿದೆಯೇ ಇಲ್ಲವೇ ಎಂಬುದನ್ನು ಅವಲಂಬಿಸಿದೆ. ಅಲ್ಲಿ ಆ ಪ್ರಶ್ನೆಗೆ ಉತ್ತರ ಕೊಡುವ ವಿದ್ಯೆಗೆ ರೋಹಿತದರ್ಶನ ಎಂದು ಹೆಸರು; ಕಾರ್ಖಾನೆಗಳ ಆಡುಮಾತಿನಲ್ಲಿ ಹೇಳುವುದಾದರೆ ‘ಸ್ಪೆಕ್ಟ್ರೋ’. ಆ ದೊಡ್ಡ ಯೋಜನೆಯ ಅನುಭವದಿಂದ ಘಟಪ್ರಭೆ, ಹಿರಣ್ಯಕೇಶಿಗಳ ದಂಡೆಯ ಸಣ್ಣ ಉದ್ಯಮಗಳು ಕಲಿಯಬೇಕಾದದ್ದು ಬಹಳಷ್ಟಿದೆ.

ಲಕ್ಷಕ್ಕೆ ಕೆಲವು ಕಣಗಳ ಲೆಕ್ಕ

ಜಲಜನಕದ ಬಗೆಗಳಾದ ಡ್ಯುಟೀರಿಯಂ ಮತ್ತು ಟ್ರಿಟಿಯಂಗಳನ್ನು ಸುಮಾರು 15 ಕೋಟಿ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಅವುಗಳ ಬೀಜಗಳು ಒಂದಕ್ಕೊಂದು ಬೆಸೆದು ಹೀಲಿಯಂ ಆಗುತ್ತವೆ. ಅಪಾರ ಶಕ್ತಿ ಹೊರಬೀಳುತ್ತದೆ. ಇಷ್ಟು ಉಷ್ಣದಲ್ಲಿ ವಸ್ತುವು ಘನವೂ ಅಲ್ಲ, ದ್ರವವೂ ಅಲ್ಲ, ಸಾಮಾನ್ಯ ಅನಿಲವೂ ಅಲ್ಲ. ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಹೋಗಿ, ಅಯಾನುಗಳೂ ಎಲೆಕ್ಟ್ರಾನುಗಳೂ ಬೇರೆಬೇರೆಯಾಗಿ ಅಲೆದಾಡುವ ಸ್ಥಿತಿ ಅದು. ಅದಕ್ಕೆ ಪ್ಲಾಸ್ಮಾ ಎನ್ನುತ್ತಾರೆ. ಯಾವ ಪಾತ್ರೆಯೂ ಅದನ್ನು ಹಿಡಿದಿಡಲಾರದು. ಆದುದರಿಂದ ಟೋಕಮಾಕ್ ಎಂಬ ಯಂತ್ರದೊಳಗೆ ಪ್ರಬಲ ಕಾಂತಕ್ಷೇತ್ರದ ಬಲದಿಂದ ಅದನ್ನು ಗೋಡೆಗೆ ತಾಗದಂತೆ ತೇಲಿಸಿ ಇಡಲಾಗುತ್ತದೆ.

ಎಷ್ಟೇ ಎಚ್ಚರ ವಹಿಸಿದರೂ ಪ್ಲಾಸ್ಮಾದ ಅಂಚಿನ ಕಣಗಳು ಗೋಡೆಗೆ ಬಡಿಯುತ್ತವೆ. ಆ ಹೊಡೆತವನ್ನು ತಾಳಬಲ್ಲ ಲೋಹಗಳಲ್ಲಿ ಮುಂಚೂಣಿಯಲ್ಲಿರುವುದು ಟಂಗ್‌ಸ್ಟನ್. ಹಳೆಯ ಬಲ್ಬಿನೊಳಗಿನ ತಂತಿಯಾಗಿ, ಟಿಗ್ ವೆಲ್ಡಿಂಗಿನ ಕಡ್ಡಿಯಾಗಿ, ಲೇಥಿನ ಕಾರ್ಬೈಡ್ ಟಿಪ್ಪಿನ ಮುಖ್ಯ ಧಾತುವಾಗಿ ಪ್ರತಿ ಕಾರ್ಖಾನೆಗೂ ಪರಿಚಿತವಾದ ಲೋಹವಿದು. 3,422 ಡಿಗ್ರಿಯವರೆಗೆ ಕರಗದ ಇದು ಲೋಹಗಳಲ್ಲೆಲ್ಲ ಅತ್ಯಧಿಕ ಕರಗುಬಿಂದುವುಳ್ಳದ್ದು. ಗೋಡೆಗೆ ಇದಕ್ಕಿಂತ ಯೋಗ್ಯವಾದುದು ಇನ್ನೇನು ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ತೊಡಕಿರುವುದು ಇದರ ಭಾರದಲ್ಲಿ. ಜಲಜನಕದ ಪರಮಾಣುವಿಗೆ ಒಂದೇ ಎಲೆಕ್ಟ್ರಾನು. ಅದು ಕಿತ್ತುಹೋದ ಮೇಲೆ ಆ ಪರಮಾಣು ತನ್ನ ವಿಶಿಷ್ಟ ಬೆಳಕಿನ ರೇಖೆಗಳನ್ನು ಸೂಸಲಾರದು. ಟಂಗ್‌ಸ್ಟನ್ ಪರಮಾಣುವಿಗಾದರೋ 74 ಎಲೆಕ್ಟ್ರಾನುಗಳು. ಕೋಟಿಗಟ್ಟಲೆ ಡಿಗ್ರಿಯ ಉಷ್ಣದಲ್ಲಿ ನಲವತ್ತು, ಐವತ್ತು, ಅರವತ್ತು ಎಲೆಕ್ಟ್ರಾನುಗಳು ಹಾರಿಹೋದರೂ ಕೆಲವು ಉಳಿದೇ ಇರುತ್ತವೆ. ಉಳಿದವು ಸುಮ್ಮನಿರುವುದಿಲ್ಲ; ಪ್ಲಾಸ್ಮಾದ ಉಷ್ಣವನ್ನು ಕದ್ದು, ಅತಿನೇರಳೆ ಮತ್ತು ಎಕ್ಸ್-ಕಿರಣಗಳ ರೂಪದಲ್ಲಿ ಹೊರಕ್ಕೆ ಚೆಲ್ಲುತ್ತಲೇ ಇರುತ್ತವೆ. ಒಲೆಯ ಮೇಲಿನ ಪಾತ್ರೆಗೆ ತಳದಲ್ಲಿ ತೂತು ಬಿದ್ದಂತೆ, ಕಾಯಿಸಿದ ಶಕ್ತಿಯೆಲ್ಲ ಸೋರಿಹೋಗುತ್ತದೆ. ಹತ್ತು ಸಾವಿರ ಕಣಗಳಲ್ಲಿ ಒಂದು ಟಂಗ್‌ಸ್ಟನ್ ಕಣವಿದ್ದರೂ ಸಮ್ಮಿಲನವು ತನ್ನಷ್ಟಕ್ಕೆ ಉರಿಯುವುದು ಅಸಾಧ್ಯವಾಗುತ್ತದೆ. ಆದುದರಿಂದ ಅದರ ಪ್ರಮಾಣವನ್ನು ಲಕ್ಷ ಕಣಗಳಿಗೆ ಕೆಲವೇ ಕಣಗಳ ಮಿತಿಯಲ್ಲಿ ಇಡಬೇಕು.

ಈ ಪಾಠವನ್ನು ವಿಜ್ಞಾನಿಗಳು ಕಲಿತದ್ದು ಪೆಟ್ಟು ತಿಂದೇ. 1970ರ ದಶಕದಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನ ದೊಡ್ಡ ಯಂತ್ರದಲ್ಲಿ ಟಂಗ್‌ಸ್ಟನ್ ಬಳಸಿದಾಗ ಪ್ಲಾಸ್ಮಾದ ನಡುಭಾಗವೇ ತಣ್ಣಗಾಗತೊಡಗಿತು. ಕೂಡಲೇ ಎಲ್ಲರೂ ಇಂಗಾಲದ ಗೋಡೆಗೆ ಹೊರಳಿದರು. ಇಂಗಾಲವು ದುಬಾರಿಯಾದ, ವಿಕಿರಣಶೀಲವಾದ ಟ್ರಿಟಿಯಂ ಅನ್ನು ತನ್ನೊಳಗೆ ಹೀರಿಕೊಂಡು ಬಿಡುತ್ತದೆಂದು ಮುಂದೆ ಸ್ಪಷ್ಟವಾಯಿತು. ಪುನಃ ಟಂಗ್‌ಸ್ಟನ್ನಿಗೇ ಮರಳಬೇಕಾಯಿತು. ಜರ್ಮನಿಯ ಗಾರ್ಖಿಂಗಿನ ಆಸ್‌ಡೆಕ್ಸ್ ಅಪ್‌ಗ್ರೇಡ್ ಯಂತ್ರವು 2007ರ ವೇಳೆಗೆ ಪೂರ್ತಿಯಾಗಿ ಟಂಗ್‌ಸ್ಟನ್ ಗೋಡೆಯನ್ನು ಹೊಂದಿತು. ಇಂಗ್ಲೆಂಡಿನ ಜೆಟ್ ಯಂತ್ರವು 2011ರಲ್ಲಿ ತನ್ನ ತಳಭಾಗಕ್ಕೆ ಟಂಗ್‌ಸ್ಟನ್ ಹಾಕಿಕೊಂಡು, 2023ರ ಅಂತ್ಯದಲ್ಲಿ ನಿವೃತ್ತಿಯಾಗುವ ಮುನ್ನ 69 ಮೆಗಾಜೂಲ್ ಶಕ್ತಿಯ ದಾಖಲೆಯನ್ನು ಸ್ಥಾಪಿಸಿತು. ಫ್ರಾನ್ಸಿನ ಕಾದರಾಶ್‌ನಲ್ಲಿ ನಿರ್ಮಾಣವಾಗುತ್ತಿರುವ ಇಟರ್ ಯಂತ್ರದ ಒಳಗೋಡೆಗೂ ಬೆರಿಲಿಯಂ ಬದಲಿಗೆ ಟಂಗ್‌ಸ್ಟನ್ ಹಾಕುವ ತೀರ್ಮಾನವು 2024ರ ಪರಿಷ್ಕೃತ ಯೋಜನೆಯಲ್ಲಿ ಸೇರಿದೆ.

ಹಿಂದೆ ಸೋತ ಲೋಹವು ಇಂದು ಸ್ವೀಕೃತವಾಗಲು ಕಾರಣವೇನು? ಲೋಹ ಬದಲಾಗಲಿಲ್ಲ. ಅದರ ಮೇಲೆ ಕಣ್ಣಿಡುವ ಸಾಮರ್ಥ್ಯ ಬೆಳೆಯಿತು. ಎಷ್ಟು ಟಂಗ್‌ಸ್ಟನ್ ಒಳಹೊಕ್ಕಿದೆ, ಎಲ್ಲಿ ಸೇರಿಕೊಂಡಿದೆ, ಎಷ್ಟು ಎಲೆಕ್ಟ್ರಾನುಗಳನ್ನು ಕಳೆದುಕೊಂಡಿದೆ ಎಂಬುದನ್ನು ಯಂತ್ರ ನಡೆಯುತ್ತಿರುವಾಗಲೇ ತಿಳಿಯಲು ಸಾಧ್ಯವಾಯಿತು. ಅಳೆಯಲು ಬಂದಮೇಲೆ ಅಂಕೆಯಲ್ಲಿಡಲೂ ಬಂದಿತು. ಉದ್ಯಮಿಗಳು ಗಮನಿಸಬೇಕಾದ ಮೊದಲ ಮಾತು ಇದೇ.

ಜಮಖಂಡಿಯಿಂದ ಹೊಸಕೋಟೆಯವರೆಗೆ

ಇಷ್ಟು ಬಿಸಿಯಾದುದನ್ನು ಮುಟ್ಟಿ ನೋಡುವಂತಿಲ್ಲ. ಅದು ಸೂಸುವ ಬೆಳಕೊಂದೇ ಸಾಕ್ಷಿ. ಪ್ರತಿಯೊಂದು ಧಾತುವೂ ಕಾದಾಗ ತನ್ನದೇ ಆದ ನಿಗದಿತ ಬಣ್ಣಗಳ ರೇಖೆಗಳನ್ನು ಸೂಸುತ್ತದೆ. ಒಂದರ ರೇಖೆಗಳ ಸಾಲು ಇನ್ನೊಂದಕ್ಕಿಲ್ಲ, ಹೆಬ್ಬೆಟ್ಟಿನ ಗುರುತಿದ್ದಂತೆ. ಎಲೆಕ್ಟ್ರಾನುಗಳು ಕಳೆದಂತೆಲ್ಲ ಅದೇ ಧಾತುವಿನ ರೇಖೆಗಳು ಬೇರೆ ಸ್ಥಾನಕ್ಕೆ ಸರಿಯುತ್ತವೆ. ರೇಖೆಯ ಸ್ಥಾನದಿಂದ ಯಾವ ಅಯಾನು ಎಂಬುದು, ಹೊಳಪಿನಿಂದ ಎಷ್ಟಿದೆ ಎಂಬುದು, ಅಗಲದಿಂದ ಅದರ ಉಷ್ಣ, ಸ್ವಲ್ಪ ಸರಿದಿದ್ದರೆ ಅದರ ವೇಗ ತಿಳಿದುಬರುತ್ತವೆ.

ಈ ವಿದ್ಯೆಗೂ ಈ ಸೀಮೆಗೂ ಹಳೆಯ ನಂಟಿದೆ. 1868ರ ಆಗಸ್ಟ್ 18ರಂದು ಸಂಭವಿಸಿದ ಸಂಪೂರ್ಣ ಸೂರ್ಯಗ್ರಹಣದ ನೆರಳು ಈ ಭಾಗದ ಮೇಲೆಯೇ ಹಾಯ್ದುಹೋಯಿತು. ಲಂಡನ್ನಿನ ರಾಯಲ್ ಸೊಸೈಟಿಯು ಒದಗಿಸಿದ ಉಪಕರಣಗಳೊಡನೆ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅವರು ಮೂಡಲಗಿಗೆ ದೂರವಲ್ಲದ ಜಮಖಂಡಿಯಲ್ಲಿ ಬೀಡುಬಿಟ್ಟು, ಮೋಡಗಳ ಅಡ್ಡಿಯ ನಡುವೆಯೂ ಸೂರ್ಯನ ಅಂಚಿನಿಂದ ಎದ್ದ ಜ್ವಾಲೆಗಳನ್ನು ರೋಹಿತದರ್ಶಕದ ಮೂಲಕ ಕಂಡರು. ಅವುಗಳ ಬೆಳಕು ಪ್ರತ್ಯೇಕ ಹೊಳಪು ರೇಖೆಗಳಾಗಿ ಒಡೆದು ಕಂಡಿತು. ಆ ಜ್ವಾಲೆಗಳು ಕಾದ ಅನಿಲವೆಂಬುದು ಇದರಿಂದ ಖಚಿತವಾಯಿತು. ಅದೇ ಗ್ರಹಣವನ್ನು ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಅವರು ವೀಕ್ಷಿಸಿದ್ದರು. ಅಂದಿನ ಅವಲೋಕನಗಳ ಜಾಡು ಹಿಡಿದೇ ವಿಜ್ಞಾನವು ಹೀಲಿಯಂ ಎಂಬ ಹೊಸ ಧಾತುವನ್ನು ತಲುಪಿತು. ಭೂಮಿಯ ಮೇಲೆ ಅದು ದೊರೆತದ್ದು 1895ರಲ್ಲಿ. ಬೆಳಕು ಮಾತ್ರ ಅದರ ಸುಳಿವನ್ನು ಮೊದಲೇ ಕೊಟ್ಟಿತ್ತು.

ಮರುವರ್ಷ, 1869ರ ಗ್ರಹಣದಲ್ಲಿ, ಸೂರ್ಯನ ಹೊರಪ್ರಭೆಯಲ್ಲಿ ಒಂದು ಹಸಿರು ರೇಖೆ ಕಂಡಿತು. ಯಾವ ಧಾತುವಿನ ಪಟ್ಟಿಯಲ್ಲೂ ಅದು ಇರಲಿಲ್ಲ. ‘ಕೊರೋನಿಯಂ’ ಎಂಬ ಹೊಸ ಧಾತು ಇರಬೇಕೆಂದು ದಶಕಗಳ ಕಾಲ ಊಹಿಸಲಾಯಿತು. ಜರ್ಮನಿಯ ಗ್ರೋಟ್ರಿಯನ್ ಮತ್ತು ಸ್ವೀಡನ್ನಿನ ಎಡ್ಲೆನ್ ಅವರು 1940ರ ಆಸುಪಾಸಿನಲ್ಲಿ ಒಗಟನ್ನು ಬಿಡಿಸಿದರು: ಅದು ಹೊಸ ಧಾತುವಲ್ಲ, 13 ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣ! ಪ್ರತಿ ಕಮ್ಮಾರಸಾಲೆಯಲ್ಲಿ ಬಿದ್ದಿರುವ ಅದೇ ಕಬ್ಬಿಣ. ಅಷ್ಟು ಎಲೆಕ್ಟ್ರಾನುಗಳು ಹೋಗಬೇಕಾದರೆ ಉಷ್ಣವು ಹತ್ತು ಲಕ್ಷ ಡಿಗ್ರಿಗೂ ಮೀರಿರಬೇಕೆಂಬ ತಿಳಿವಳಿಕೆಯೂ ಅದರೊಡನೆ ಬಂದಿತು.

ಆ ಹಸಿರು ರೇಖೆಯ ಕಥೆ ಇಂದಿಗೂ ಕರ್ನಾಟಕದಲ್ಲಿ ಮುಂದುವರಿದಿದೆ. 2023ರ ಸೆಪ್ಟೆಂಬರ್ 2ರಂದು ಉಡಾವಣೆಗೊಂಡ ಆದಿತ್ಯ-ಎಲ್1 ನೌಕೆಯ ಪ್ರಧಾನ ಉಪಕರಣವನ್ನು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ತನ್ನ ಹೊಸಕೋಟೆಯ ಆವರಣದಲ್ಲಿ ಜೋಡಿಸಿತು. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಅದು ನೋಡಬೇಕಾದ ರೇಖೆಗಳಲ್ಲಿ ಒಂದು 530.3 ನ್ಯಾನೋಮೀಟರಿನ ಇದೇ ಹಸಿರು ರೇಖೆ. ಆಕಾಶದ ಸೂರ್ಯನಲ್ಲಿ ಕಬ್ಬಿಣವನ್ನು ಓದುವ ವಿದ್ಯೆ ಮತ್ತು ಯಂತ್ರದೊಳಗಿನ ಪುಟ್ಟ ಸೂರ್ಯನಲ್ಲಿ ಟಂಗ್‌ಸ್ಟನ್ ಅನ್ನು ಓದುವ ವಿದ್ಯೆ ಬೇರೆಬೇರೆಯಲ್ಲ.

ಮಾದರಿಯಿಲ್ಲದೆ ಮಾಪನವಿಲ್ಲ

ಗುರುತನ್ನು ಹೋಲಿಸಿ ನೋಡಲು ಮೊದಲೇ ಒಂದು ದಾಖಲೆ ಇರಬೇಕು. ನಲವತ್ತೈದು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಟಂಗ್‌ಸ್ಟನ್ ಯಾವ ರೇಖೆಗಳನ್ನು ಸೂಸುತ್ತದೆ ಎಂಬುದು ಹಳೆಯ ಪುಸ್ತಕಗಳಲ್ಲಿ ಇರಲಿಲ್ಲ. ಅದಕ್ಕಾಗಿಯೇ ಅಂತಹ ಅಯಾನುಗಳನ್ನು ತಯಾರಿಸಿ ಹಿಡಿದಿಡುವ ‘ಎಲೆಕ್ಟ್ರಾನ್ ಕಿರಣದ ಅಯಾನು ಬಲೆ’ ಎಂಬ ಸಾಧನವನ್ನು 1980ರ ದಶಕದಲ್ಲಿ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯವು ರೂಪಿಸಿತು. ಎಲೆಕ್ಟ್ರಾನುಗಳ ತೆಳುವಾದ ಕಿರಣದಿಂದ ಪರಮಾಣುವನ್ನು ಹೊಡೆದು ಹೊಡೆದು, ಬೇಕಾದಷ್ಟು ಎಲೆಕ್ಟ್ರಾನುಗಳನ್ನು ಮಾತ್ರ ಕಿತ್ತು, ಹೊರಬಂದ ಬೆಳಕನ್ನು ದಾಖಲಿಸುವ ಕೆಲಸ ಅದರದು. ಟಂಗ್‌ಸ್ಟನ್, ಚಿನ್ನ ಮೊದಲಾದ ಭಾರ ಲೋಹಗಳ ರೇಖೆಗಳ ಪಟ್ಟಿ ಹೀಗೆ ಬೆಳೆಯಿತು. 5, 6 ನ್ಯಾನೋಮೀಟರುಗಳ ಸುತ್ತ ಟಂಗ್‌ಸ್ಟನ್ ರೇಖೆಗಳು ಒತ್ತೊತ್ತಾಗಿ ಸೇರಿಕೊಂಡಿರುವುದನ್ನು ಇಂದು ವಿಜ್ಞಾನಿಗಳು ಗುರುತಿಸಬಲ್ಲರು.

ಕಾರ್ಖಾನೆಗಳ ಸ್ಪೆಕ್ಟ್ರೋ ಯಂತ್ರಕ್ಕೂ ಇದೇ ನಿಯಮ. ಉಕ್ಕಿನ ತುಂಡಿಗೆ ವಿದ್ಯುತ್ ಕಿಡಿ ಹಾಯಿಸಿದಾಗ ಅದರ ಪರಮಾಣುಗಳು ಉದ್ರೇಕಗೊಂಡು, ಕೆಲವು ಒಂದೆರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡು, ಬೆಳಕು ಸೂಸುತ್ತವೆ. ಯಂತ್ರವು ಆ ಬೆಳಕನ್ನು ಬಿಡಿಸಿ, ಖಚಿತ ಸಂಯೋಜನೆಯುಳ್ಳ ಪ್ರಮಾಣಿತ ಮಾದರಿಯ ಬೆಳಕಿಗೆ ಹೋಲಿಸಿ, ಇಂಗಾಲ ಇಷ್ಟು, ಮ್ಯಾಂಗನೀಸ್ ಇಷ್ಟು, ನಿಕ್ಕಲ್ ಇಷ್ಟು ಎಂದು ಹೇಳುತ್ತದೆ. ಇಂಗಾಲ, ರಂಜಕ, ಗಂಧಕಗಳ ಮುಖ್ಯ ರೇಖೆಗಳು 200 ನ್ಯಾನೋಮೀಟರಿಗಿಂತ ಕೆಳಗಿರುವುದರಿಂದ ಗಾಳಿಯು ಅವುಗಳನ್ನು ನುಂಗಿಬಿಡುತ್ತದೆ. ಆದಕಾರಣವೇ ಶುದ್ಧ ಆರ್ಗಾನ್ ಅನಿಲ ಬೇಕಾಗುತ್ತದೆ. ಟಂಗ್‌ಸ್ಟನ್ನಿನ ಅತಿಹ್ರಸ್ವ ರೇಖೆಗಳನ್ನು ನೋಡಲು ನಿರ್ವಾತ ಬೇಕಾಗುವುದೂ ಇದೇ ಕಾರಣಕ್ಕೆ. ಆರ್ಗಾನ್ ಅಶುದ್ಧವಾಗಿದ್ದರೆ, ಪ್ರಮಾಣಿತ ಮಾದರಿ ಇಲ್ಲದಿದ್ದರೆ, ಯಂತ್ರ ಎಷ್ಟೇ ಬೆಲೆಬಾಳಲಿ, ಅದು ಕೊಡುವ ಚೀಟಿಗೆ ಕಾಗದದ ಬೆಲೆಯಷ್ಟೇ.

ಭಾರತದ ಉದ್ಯಮಕ್ಕೆ ದೊರೆತ ಪಾಲು

ಇಟರ್ ಯೋಜನೆಯ ಏಳು ಸದಸ್ಯರಲ್ಲಿ ಭಾರತವೂ ಒಂದು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಿಂದಲೇ ‘ಆದಿತ್ಯ’ ಎಂಬ ಟೋಕಮಾಕ್ ನಡೆದುಬಂದಿದೆ. ಇಟರ್‌ಗೆ ಭಾರತವು ಪೂರೈಸುವ ವಸ್ತುಗಳಲ್ಲಿ ಎಕ್ಸ್-ಕಿರಣಗಳನ್ನು ಓದುವ ಸ್ಫಟಿಕ ರೋಹಿತಮಾಪಕಗಳೂ ಸೇರಿವೆ. ಯಂತ್ರವನ್ನೆಲ್ಲ ಒಳಗೊಳ್ಳುವ, ಸುಮಾರು 30 ಮೀಟರ್ ಎತ್ತರ, ಅಷ್ಟೇ ಅಗಲ, ಸುಮಾರು 3,850 ಟನ್ ತೂಕದ ಸ್ಟೇನ್‌ಲೆಸ್ ಸ್ಟೀಲ್ ಕವಚವನ್ನು ಗುಜರಾತಿನ ಹಜೀರಾದಲ್ಲಿ ಎಲ್ ಆಂಡ್ ಟಿ ಕಂಪನಿಯು ಭಾಗಭಾಗವಾಗಿ ತಯಾರಿಸಿ, 2020ರಲ್ಲಿ ಕೊನೆಯ ಭಾಗಗಳನ್ನು ಹಡಗಿಗೇರಿಸಿತು.

ಇದರಿಂದ ನಾಳೆಯೇ ಅಗ್ಗದ ವಿದ್ಯುತ್ ಬಂದೀತೆಂದು ಯಾರೂ ಭ್ರಮಿಸಬೇಕಾಗಿಲ್ಲ. ಇಟರ್‌ನ ಸಂಶೋಧನಾ ಕಾರ್ಯಾಚರಣೆಯೇ 2034ಕ್ಕೆ, ಡ್ಯುಟೀರಿಯಂ-ಟ್ರಿಟಿಯಂ ಪ್ರಯೋಗಗಳು 2039ಕ್ಕೆ ಎಂದು 2024ರ ವೇಳಾಪಟ್ಟಿ ಹೇಳುತ್ತದೆ. ಇಟರ್ ಸ್ವತಃ ವಿದ್ಯುತ್ ಮಾರುವ ಕೇಂದ್ರವೂ ಅಲ್ಲ. ಸಮ್ಮಿಲನದ ಹೆಸರಿನಲ್ಲಿ ಹಣ ಹೂಡಲು ಕರೆಕೊಡುವವರ ಮಾತನ್ನು ವರ್ತಕರು ಇಮ್ಮಡಿ ಎಚ್ಚರದಿಂದ ಕೇಳುವುದು ಒಳಿತು. ಆದರೆ ಆ ಯೋಜನೆಯಿಂದ ಇಂದೇ ದೊರೆಯುವ ಲಾಭವೊಂದಿದೆ, ಅದು ಶಿಸ್ತು. ಅಂತಹ ಕೆಲಸದಲ್ಲಿ ಲೋಹದ ಪ್ರತಿ ತಟ್ಟೆಯ ಸಂಯೋಜನೆ, ಅದು ಕರಗಿದ ಕುಲುಮೆಯ ಹೀಟ್ ಸಂಖ್ಯೆ, ವೆಲ್ಡಿಂಗಿನ ದಾಖಲೆ ಎಲ್ಲವೂ ಕಾಗದದಲ್ಲಿರಬೇಕು. ವೆಲ್ಡಿಂಗಿನೊಳಗೆ ಟಿಗ್ ಕಡ್ಡಿಯ ತುದಿ ಮುರಿದು ಸೇರಿದರೆ ಎಕ್ಸ್-ರೇ ಚಿತ್ರದಲ್ಲಿ ಬಿಳಿಯ ಚುಕ್ಕೆಯಾಗಿ ಕಂಡು, ಆ ಕೆಲಸ ತಿರಸ್ಕೃತವಾಗುತ್ತದೆ. ಪ್ಲಾಸ್ಮಾದಲ್ಲೂ ವೆಲ್ಡಿಂಗಿನಲ್ಲೂ ಬೇಡದ ಟಂಗ್‌ಸ್ಟನ್ ಶತ್ರುವೇ. ಅಣುಶಕ್ತಿಗೆ ಮಾತ್ರವಲ್ಲ, ರೈಲ್ವೆಗೆ, ವಾಹನ ಕಂಪನಿಗಳಿಗೆ, ಪಂಪಿನ ರಫ್ತುದಾರರಿಗೆ ಭಾಗಗಳನ್ನು ಒದಗಿಸುವವರಿಂದಲೂ ಇಂದು ಇದೇ ಬಗೆಯ ದಾಖಲೆಯನ್ನು ಕೇಳಲಾಗುತ್ತದೆ.

ತಾಲ್ಲೂಕುಗಳ ವಾಸ್ತವ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಗೆ ಸ್ಪೆಕ್ಟ್ರೋ ಹೊಸದಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸ್ಥಿತಿ ಬೇರೆ. ಇಲ್ಲಿನ ಸಣ್ಣ ಕಾರ್ಖಾನೆಗಳ ಬದುಕು ಬಹುಮಟ್ಟಿಗೆ ಕಬ್ಬನ್ನು ಅವಲಂಬಿಸಿದೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯಿಂದ ಮೊದಲುಗೊಂಡು ಘಟಪ್ರಭಾ ಪ್ರದೇಶದ ಸಕ್ಕರೆ ಕಾರ್ಖಾನೆಗಳವರೆಗೆ, ಬೆಲ್ಲದ ಗಾಣಗಳವರೆಗೆ, ಹಂಗಾಮಿನಲ್ಲಿ ದುರಸ್ತಿ ಕೆಲಸ ಇವರಿಗೆ ಬರುತ್ತದೆ. ಟ್ರೇಲರ್, ನೇಗಿಲು, ಪಂಪಿನ ಬಿಡಿಭಾಗ, ಹಾಲಿನ ಡಬ್ಬಿ, ಕರದಂಟು ಮಾಡುವ ದೊಡ್ಡ ಪಾತ್ರೆ, ಹೀಗೆ ಉಳಿದ ಕೆಲಸವೂ ಲೋಹದ್ದೇ.

ಸ್ಟೇನ್‌ಲೆಸ್ ಸ್ಟೀಲನ್ನೇ ತೆಗೆದುಕೊಳ್ಳಬಹುದು. 304 ದರ್ಜೆಯಲ್ಲಿ ಕ್ರೋಮಿಯಂ ಶೇ. 18ರಿಂದ 20, ನಿಕ್ಕಲ್ ಶೇ. 8ಕ್ಕೂ ಹೆಚ್ಚು ಇರಬೇಕು. 202 ದರ್ಜೆಯಲ್ಲಿ ನಿಕ್ಕಲ್ ಶೇ. 4ರಿಂದ 6 ಮಾತ್ರ; ಕೊರತೆಯನ್ನು ಅಗ್ಗದ ಮ್ಯಾಂಗನೀಸಿನಿಂದ ತುಂಬಿರುತ್ತಾರೆ. ಎರಡೂ ಸಮನಾಗಿ ಹೊಳೆಯುತ್ತವೆ. ಎರಡನ್ನೂ ಅಯಸ್ಕಾಂತವು ಹಿಡಿಯುವುದಿಲ್ಲ. ‘ಅಯಸ್ಕಾಂತ ಹಿಡಿಯದಿದ್ದರೆ ಅಸಲಿ’ ಎಂಬ ಪೇಟೆಯ ಸೂತ್ರವು ಇಲ್ಲಿ ಪೂರ್ತಿ ಸೋಲುತ್ತದೆ. ಹುಳಿ, ಉಪ್ಪು, ಕಬ್ಬಿನ ಹಾಲು ತಗಲಿದ ಕಡೆ 202 ಬೇಗ ತುಕ್ಕು ಹಿಡಿಯುತ್ತದೆ. ಗಿರಾಕಿಯ ಸಿಟ್ಟು ಮಾತ್ರ ತಟ್ಟೆ ಮಾರಿದ ದೂರದ ಊರಿನ ವ್ಯಾಪಾರಿಯ ಮೇಲೆ ಬೀಳುವುದಿಲ್ಲ. ಪಾತ್ರೆ ಮಾಡಿಕೊಟ್ಟ ಸ್ಥಳೀಯ ಕುಶಲಕರ್ಮಿಯ ಮೇಲೆ ಬೀಳುತ್ತದೆ.

ಶಾಫ್ಟಿನ ಉಕ್ಕಿನಲ್ಲೂ ಇದೇ ಕಥೆ. ಇಎನ್ 8ರಲ್ಲಿ ಇಂಗಾಲ ಶೇ. 0.4ರ ಆಸುಪಾಸು, ಇಎನ್ 9ರಲ್ಲಿ ಶೇ. 0.5ರಿಂದ 0.6. ಅದನ್ನು ಮೈಲ್ಡ್ ಸ್ಟೀಲೆಂದು ತಿಳಿದು, ಮುಂಚೆ ಬಿಸಿಮಾಡದೆ ವೆಲ್ಡ್ ಮಾಡಿದರೆ ಬೆಸುಗೆಯ ಬದಿಯಲ್ಲಿ ಕಾಣದ ಬಿರುಕು ಬಿಡುತ್ತದೆ. ಹಂಗಾಮಿನ ನಡುವೆ ಗಾಣದ ಶಾಫ್ಟ್ ಮುರಿದರೆ ನಷ್ಟವಾಗುವುದು ಶಾಫ್ಟಿನ ಬೆಲೆಯಷ್ಟೇ ಅಲ್ಲ. ಕಡಿದು ತಂದ ಕಬ್ಬು ಒಣಗುತ್ತದೆ, ಕೂಲಿಯಾಳು ಸುಮ್ಮನೆ ಕೂಡುತ್ತಾರೆ, ರೈತನ ಎದುರು ಮಾತು ಹೋಗುತ್ತದೆ.

ಅಳತೆಯಿಲ್ಲದ ವ್ಯಾಪಾರದಲ್ಲಿ ಕೊಳ್ಳುವವನು ಮಾತ್ರ ಮೋಸಹೋಗುತ್ತಾನೆಂದು ತಿಳಿಯುವುದೂ ತಪ್ಪು. ಗುಜರಿ ವ್ಯಾಪಾರಿಯ ಸ್ಟೇನ್‌ಲೆಸ್ ರಾಶಿಯ ಬೆಲೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರಲ್ಲಿರುವ ನಿಕ್ಕಲ್. ಬೇರ್ಪಡಿಸಲು ಬಾರದೆ ಎಲ್ಲವನ್ನೂ ಬೆರಕೆಯೆಂದು ಮಾರಿದಾಗ, ಒಳ್ಳೆಯ ಮಾಲಿನ ಲಾಭವು ಅಳೆಯಬಲ್ಲ ದೊಡ್ಡ ಊರಿನವನ ಪಾಲಾಗುತ್ತದೆ. ಕಣ್ಣಿದ್ದವನಿಗೆ ಲಾಭ, ಇಲ್ಲದವನಿಗೆ ನಷ್ಟ. ಇಲ್ಲಿ ಕಣ್ಣೆಂದರೆ ರೋಹಿತಮಾಪಕ.

ಆಕ್ಷೇಪಗಳಿಗೆ ಉತ್ತರ

ಮೊದಲನೆಯ ಆಕ್ಷೇಪ ಖರ್ಚಿನದು. ಕಿಡಿಯಿಂದ ನಡೆಯುವ ಉತ್ತಮ ಸ್ಪೆಕ್ಟ್ರೋಗೆ ಹಲವು ಲಕ್ಷ ರೂಪಾಯಿ ಬೇಕು. ಹವಾನಿಯಂತ್ರಿತ ಕೋಣೆ, ಆರ್ಗಾನ್, ಪ್ರಮಾಣಿತ ಮಾದರಿಗಳು, ತರಬೇತಿ ಪಡೆದ ಸಿಬ್ಬಂದಿ ಇವುಗಳ ಖರ್ಚು ಬೇರೆ. ಒಬ್ಬ ವೆಲ್ಡಿಂಗ್ ಅಂಗಡಿಯವನಿಗೆ ಇದು ಖಂಡಿತ ಅಸಾಧ್ಯ. ಆದರೆ ಒಬ್ಬೊಬ್ಬರೂ ಕೊಳ್ಳಬೇಕೆಂದು ಯಾರೂ ಹೇಳುತ್ತಿಲ್ಲ.

ಎರಡನೆಯದು, ಬೆಳಗಾವಿಗೆ ಕಳುಹಿಸಿದರಾಯಿತು ಎಂಬುದು. ಒಂದು ತುಂಡನ್ನು ಹಿಡಿದುಕೊಂಡು ಒಬ್ಬ ಮನುಷ್ಯ ಹೋಗಿ ಬರುವುದರಲ್ಲಿ ಒಂದು ದಿನ ಕಳೆಯುತ್ತದೆ. ಹಂಗಾಮಿನಲ್ಲಿ ಆ ಒಂದು ದಿನವೇ ದುಬಾರಿ. ಆದುದರಿಂದಲೇ ಬಹಳಷ್ಟು ಜನ ಪರೀಕ್ಷೆಯ ಗೋಜಿಗೇ ಹೋಗದೆ ಕೆಲಸ ಮುಗಿಸುತ್ತಾರೆ.

ಮೂರನೆಯದು, ಕೈಯಲ್ಲಿ ಹಿಡಿಯುವ ಎಕ್ಸ್-ಕಿರಣದ ಪಿಸ್ತೂಲಿನಂತಹ ಯಂತ್ರ ಸಾಲದೇ ಎಂಬುದು. ನಿಕ್ಕಲ್, ಕ್ರೋಮಿಯಂ ಅಳೆದು 304, 202ಗಳನ್ನು ಕ್ಷಣದಲ್ಲಿ ಬೇರ್ಪಡಿಸಲು, ಗುಜರಿ ವಿಂಗಡಿಸಲು ಅದು ಸಾಕು. ಇಂಗಾಲವನ್ನು ಮಾತ್ರ ಅದು ಕಾಣಲಾರದು. ಶಾಫ್ಟಿನ ಉಕ್ಕಿಗೆ, ಎರಕದ ಕಬ್ಬಿಣಕ್ಕೆ ಕಿಡಿಯ ಯಂತ್ರವೇ ಬೇಕು. ಯಾವ ಕೆಲಸಕ್ಕೆ ಯಾವ ಸಾಧನ ಎಂಬುದನ್ನು ತಿಳಿಯದೆ ಕೊಂಡರೆ ಅದೂ ನಷ್ಟವೇ.

ಕೊನೆಯದು, ಅನುಭವಿ ಮಿಸ್ತ್ರಿಯ ಕಣ್ಣಿಗೆ ಬೆಲೆಯಿಲ್ಲವೇ ಎಂಬುದು. ಖಂಡಿತ ಇದೆ. ಗ್ರೈಂಡಿಂಗ್ ಚಕ್ರದ ಕಿಡಿಯ ಕವಲು ನೋಡಿ ಇಂಗಾಲದ ಏರಿಳಿತವನ್ನು ಹೇಳಬಲ್ಲ ಹಿರಿಯರೂ ಲೋಹದ ಬೆಳಕನ್ನು ಓದುವವರೇ. ಆದರೆ ಅವರ ಕಣ್ಣಿನ ತೀರ್ಪನ್ನು ಬಿಲ್ಲಿಗೆ ಲಗತ್ತಿಸಿ ದೂರದ ಗಿರಾಕಿಗೆ ಕಳುಹಿಸಲಾಗದು. ಅವರ ಅನುಭವಕ್ಕೆ ಅಂಕಿಯ ಬೆಂಬಲ ದೊರೆತರೆ ಎರಡಕ್ಕೂ ಗೌರವ ಹೆಚ್ಚುತ್ತದೆ.

ಮುಂದಿನ ದಾರಿ

ಒಬ್ಬರಿಂದ ಆಗದ್ದನ್ನು ಕೂಡಿ ಮಾಡುವುದು ಈ ಸೀಮೆಗೆ ಹೊಸದಲ್ಲ. 1887ರಲ್ಲಿ ಗೋಕಾಕ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ತಿರುಗತೊಡಗಿದಾಗ, ಹೊಸ ಶಕ್ತಿಯನ್ನು ಕೈಗಾರಿಕೆಗೆ ಬಳಸುವ ಧೈರ್ಯವನ್ನು ಈ ನೆಲ ತೋರಿಸಿತ್ತು. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸ್ಥಾಪನೆಯಾಯಿತು. ದೇಶದಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡ ಮೊದಲ ಐದು ಸಂಘಗಳಲ್ಲಿ ಅದೂ ಒಂದು. ಊರವರೇ ಸದಸ್ಯರಾಗಿ ವಿದ್ಯುತ್ ಹಂಚಿಕೊಂಡ ತಾಲ್ಲೂಕಿನಲ್ಲಿ, ಒಂದು ಪರೀಕ್ಷಾ ಯಂತ್ರವನ್ನು ಹಂಚಿಕೊಳ್ಳುವುದು ಅಸಾಧ್ಯವೆನ್ನುವುದು ಸರಿಯಲ್ಲ.

ಕೆಲಸವನ್ನು ಮೂರು ಹಂತಗಳಲ್ಲಿ ಕೈಗೊಳ್ಳುವುದು ವಿವೇಕ. ಮೊದಲ ಹಂತಕ್ಕೆ ಬಂಡವಾಳವೇ ಬೇಡ. ವಾರಕ್ಕೆ ಎರಡು ದಿನ ಮೂರೂ ತಾಲ್ಲೂಕುಗಳ ಮಾದರಿಗಳನ್ನು ಒಂದೆಡೆ ಸಂಗ್ರಹಿಸಿ, ಬೆಳಗಾವಿಯ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಒಟ್ಟಾಗಿ ತಲುಪಿಸಿ, ವರದಿಯನ್ನು ದೂರವಾಣಿಯಲ್ಲಿ ತರಿಸಿಕೊಳ್ಳುವ ವ್ಯವಸ್ಥೆಯನ್ನು ವರ್ತಕರ ಸಂಘಗಳು ಮಾಡಬಹುದು. ಒಟ್ಟಾಗಿ ಕಳುಹಿಸಿದಾಗ ದರವನ್ನು ಮಾತಾಡಿ ಇಳಿಸಲೂ ಅವಕಾಶವಿದೆ. ವರ್ಷಕ್ಕೆ ಎಷ್ಟು ಪರೀಕ್ಷೆಗಳ ಬೇಡಿಕೆಯಿದೆ ಎಂಬ ನಿಜವಾದ ಲೆಕ್ಕವೂ ಇದರಿಂದ ಸಿಗುತ್ತದೆ. ಎರಡನೆಯ ಹಂತದಲ್ಲಿ, ಗುಜರಿ ಮತ್ತು ಸ್ಟೇನ್‌ಲೆಸ್ ವ್ಯಾಪಾರಿಗಳು ಕೂಡಿ ಕೈಯಲ್ಲಿ ಹಿಡಿಯುವ ಯಂತ್ರವೊಂದನ್ನು ಕೊಂಡು, ಪ್ರತಿ ಪರೀಕ್ಷೆಗೆ ಇಂತಿಷ್ಟು ಎಂದು ಶುಲ್ಕ ನಿಗದಿ ಮಾಡಬಹುದು. ಮೂರನೆಯ ಹಂತದಲ್ಲಿ ಕಿಡಿಯ ಸ್ಪೆಕ್ಟ್ರೋ ಇರುವ ಕೇಂದ್ರ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿಯ ಕೇಂದ್ರ ಯೋಜನೆಯಡಿ ಸಾಮೂಹಿಕ ಪರೀಕ್ಷಾ ಸೌಲಭ್ಯಗಳಿಗೆ ನೆರವು ಕೇಳಲು ಅವಕಾಶವಿದೆ. ಮೊದಲೆರಡು ಹಂತಗಳ ಲೆಕ್ಕಪತ್ರ ಕೈಯಲ್ಲಿದ್ದರೆ ಅರ್ಜಿಗೂ ತೂಕ ಬರುತ್ತದೆ.

ಕೇಂದ್ರವು ಯಾವ ತಾಲ್ಲೂಕಿನಲ್ಲಿ ಇರಬೇಕೆಂಬ ಜಗಳದಲ್ಲಿ ಯೋಜನೆ ಸಾಯಬಾರದು. ಸದಸ್ಯರಿಗೆ ಹತ್ತಿರವಾಗುವ, ವಿದ್ಯುತ್ ಸ್ಥಿರವಾಗಿರುವ ಜಾಗವೇ ಯೋಗ್ಯ ಜಾಗ. ಅದಕ್ಕಿಂತ ಮುಖ್ಯವಾದುದು ಅದರ ನಿಷ್ಪಕ್ಷಪಾತ. ಪರೀಕ್ಷಕನ ಸಂಬಳವು ಮಾರುವವನ ಕೈಯಲ್ಲೂ ಇರಬಾರದು, ಕೊಳ್ಳುವವನ ಕೈಯಲ್ಲೂ ಇರಬಾರದು. ಪ್ರಮಾಣಿತ ಮಾದರಿಗಳಿಂದ ಯಂತ್ರವನ್ನು ನಿಯಮಿತವಾಗಿ ಸರಿಹೊಂದಿಸಿದ ದಾಖಲೆಯನ್ನು ಯಾರು ಕೇಳಿದರೂ ತೋರಿಸಬೇಕು. ಕಾಲಕ್ರಮದಲ್ಲಿ ಎನ್‌ಎಬಿಎಲ್ ಮಾನ್ಯತೆಯನ್ನೂ ಪಡೆಯಬೇಕು. ಸ್ಥಳೀಯ ಐಟಿಐ, ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಅಲ್ಲಿ ತರಬೇತಿ ದೊರೆತರೆ ಮುಂದಿನ ಪೀಳಿಗೆಯ ಪರೀಕ್ಷಕರು ಇಲ್ಲಿಯೇ ಸಿದ್ಧರಾಗುತ್ತಾರೆ.

ಯಂತ್ರ ಬರುವವರೆಗೂ ಕಾಯದೆ ಇಂದಿನಿಂದಲೇ ಮಾಡಬಹುದಾದ ಕೆಲಸವೊಂದಿದೆ. ಲೋಹ ಮಾರುವ ಪ್ರತಿ ವರ್ತಕನು ಬಿಲ್ಲಿನಲ್ಲಿ ದರ್ಜೆಯನ್ನು ಸ್ಪಷ್ಟವಾಗಿ ಬರೆಯಲಿ. ತಯಾರಕರ ಪರೀಕ್ಷಾ ಪ್ರಮಾಣಪತ್ರದ ಪ್ರತಿಯನ್ನು ಕೊಡಲಿ. ಕೊಳ್ಳುವವನು ಅದನ್ನು ಕೇಳಿ ಪಡೆಯಲಿ. 202 ದರ್ಜೆಯನ್ನು 202 ಎಂದೇ ಹೇಳಿ ಮಾರುವುದರಲ್ಲಿ ಯಾವ ಅಗೌರವವೂ ಇಲ್ಲ; ಒಣ ಜಾಗದ ಕೆಲಸಗಳಿಗೆ ಅದು ಯೋಗ್ಯವಾದ, ಅಗ್ಗದ ಲೋಹ. ಅದನ್ನು 304 ಎಂದು ಹೇಳುವುದರಲ್ಲಿ ಮಾತ್ರ ಅಗೌರವವಿದೆ.

ವಿಜ್ಞಾನಿಗಳು ಟಂಗ್‌ಸ್ಟನ್ ಅನ್ನು ಅಳೆಯಲು ಕಲಿತ ಮೇಲೆಯೇ ಅದನ್ನು ಧೈರ್ಯವಾಗಿ ಗೋಡೆಗೆ ಹಾಕಿದರು. ಲಕ್ಷಕ್ಕೆ ಒಂದೆರಡು ಕಣಗಳ ಲೆಕ್ಕ ಅವರದಾದರೆ, ನೂರಕ್ಕೆ ನಾಲ್ಕು ಪಾಲು ನಿಕ್ಕಲ್ಲಿನ ಲೆಕ್ಕ ಈ ತಾಲ್ಲೂಕುಗಳದು. ಅಷ್ಟನ್ನೂ ಅಳೆಯದೆ ನಡೆಸುವ ವ್ಯಾಪಾರ ಇನ್ನು ಹೆಚ್ಚು ಕಾಲ ಬಾಳದು. ಬರುವ ಕಬ್ಬಿನ ಹಂಗಾಮಿಗೆ ಮುನ್ನವೇ ಮೂರೂ ತಾಲ್ಲೂಕುಗಳ ವರ್ತಕರು ಮತ್ತು ಉತ್ಪಾದಕರು ಒಂದೆಡೆ ಕುಳಿತು, ಮೊದಲ ಹಂತದ ಮಾದರಿ ಸಂಗ್ರಹಕ್ಕಾದರೂ ಚಾಲನೆ ಕೊಡುವುದು ಅವರ ಹಿತಕ್ಕೂ ಅವರ ಗಿರಾಕಿಗಳ ಹಿತಕ್ಕೂ ಅವಶ್ಯ.